ತಿರುಪ್ಪೂರಿನ ಸರ್ವರ್ ರೂಮಿನಲ್ಲಿ ಲೈಸೆನ್ಸ್ ಲೆಕ್ಕ: ಐಟಿ ಕೆಲಸಕ್ಕೆ ಹೋಗುವ ಯುವಕರು ತಿಳಿದಿರಬೇಕಾದದ್ದು

ಮಂಗಳೂರು, ಕಾಸರಗೋಡಿನ ಅಂಗಡಿಗಳಿಗೆ ಬರುವ ಬನಿಯನ್, ಟೀಶರ್ಟ್‌ಗಳಲ್ಲಿ ಬಹಳಷ್ಟು ತಿರುಪ್ಪೂರಿನದ್ದು. ಆ ಬಟ್ಟೆಯ ಹಿಂದೆ ಒಂದು ಕಂಪ್ಯೂಟರ್ ಕೋಣೆಯೂ ಉಂಟು. ನೂಲು ಎಷ್ಟು ಬಂತು, ಡೈಯಿಂಗ್‌ಗೆ ಎಷ್ಟು ಹೋಯಿತು, ಯಾವ ಆರ್ಡರ್ ಯಾವಾಗ ಹೋಗಬೇಕು ಎಂಬ ಲೆಕ್ಕವೆಲ್ಲ ಅಲ್ಲಿನ ಸರ್ವರ್‌ನಲ್ಲಿ. ಕೊಯಮತ್ತೂರಿನ ಪಂಪ್, ಮೋಟಾರ್ ಕಾರ್ಖಾನೆಗಳಲ್ಲೂ ಇದೇ ಕತೆ. ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಆ ಕಡೆ ಕೆಲಸ ಹುಡುಕುವವರು ಕೇಬಲ್ ಹಾಕಲು ಕಲಿತಿರ್ತಾರೆ, ಲೈಸೆನ್ಸ್ ಲೆಕ್ಕ ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ವಿಂಡೋಸ್ ಸರ್ವರ್. 2012 ಆವೃತ್ತಿಯವರೆಗೆ ಲೆಕ್ಕ ಸುಲಭವಿತ್ತು. ಒಂದು ಲೈಸೆನ್ಸ್ ತೆಗೊಂಡರೆ ಎರಡು ಪ್ರೊಸೆಸರ್‌ಗೆ ಸಾಕು, ಒಳಗೆ ಎಷ್ಟು ಕೋರ್ ಇದ್ದರೂ ಯಾರೂ ಕೇಳುತ್ತಿರಲಿಲ್ಲ. 2016ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಕೋರ್ ಎಣಿಸಲು ಶುರು ಮಾಡಿತು. ಒಂದು ಪ್ರೊಸೆಸರ್‌ಗೆ ಕನಿಷ್ಠ 8, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗೆ ದುಡ್ಡು ಕೊಡಲೇಬೇಕು. 12 ಕೋರ್‌ನ ಎರಡು ಪ್ರೊಸೆಸರ್ ಇದ್ದರೆ 24 ಕೋರ್‌ಗೆ ಕೊಡಬೇಕು. ಹಾಗಾಗಿ ಹೊಸ ಮೆಷಿನ್ ತರಿಸುವಾಗ "ಕೋರ್ ಜಾಸ್ತಿ ಇದ್ದದ್ದೇ ಒಳ್ಳೆಯದು" ಅಂತ ಹೇಳುವ ಮೊದಲು ಯೋಚಿಸಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಸರ್ವರ್‌ಗೆ ಸಂಪರ್ಕ ಮಾಡುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಅದಕ್ಕೆ 'ಕ್ಯಾಲ್' ಅಂತಾರೆ. ಟ್ಯಾಲಿಯನ್ನು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆಯುವ ಕಡೆ ಅದರ ಮೇಲೆ ಇನ್ನೊಂದು ಬಗೆಯ ಕ್ಯಾಲ್ ಬೇಕು. ಹೆಚ್ಚಿನವರು ತಪ್ಪಿಬೀಳುವುದು ಇಲ್ಲೇ. ಕ್ಯಾಲನ್ನು ವ್ಯಕ್ತಿಯ ಲೆಕ್ಕದಲ್ಲೂ ತೆಗೆಯಬಹುದು, ಕಂಪ್ಯೂಟರಿನ ಲೆಕ್ಕದಲ್ಲೂ ತೆಗೆಯಬಹುದು. ಮೂರು ಶಿಫ್ಟ್‌ನಲ್ಲಿ 30 ಜನ ಹತ್ತೇ ಕಂಪ್ಯೂಟರ್ ಹಂಚಿಕೊಳ್ಳುವ ಮಿಲ್ಲಿಗೆ ಕಂಪ್ಯೂಟರ್ ಲೆಕ್ಕದ 10 ಸಾಕು. ಅದೇ ಒಬ್ಬ ಮ್ಯಾನೇಜರ್ ಲ್ಯಾಪ್‌ಟಾಪ್, ಮೊಬೈಲ್, ಮನೆಯ ಪಿಸಿ ಮೂರರಿಂದಲೂ ಒಳಗೆ ಬರ್ತಾನೆ ಅಂದರೆ ವ್ಯಕ್ತಿ ಲೆಕ್ಕವೇ ಲಾಭ. ಈ ಒಂದು ವಿಷಯ ಬಿಡಿಸಿ ಹೇಳಬಲ್ಲ ಹುಡುಗನಿಗೆ ಮಾಲಕನ ಎದುರು ಬೆಲೆ ಬೇರೆಯೇ. ಹಳೆಯ ಕ್ಯಾಲ್ ಹೊಸ ಆವೃತ್ತಿಯ ಸರ್ವರ್‌ಗೆ ನಡೆಯುವುದಿಲ್ಲ, ಅದನ್ನೂ ನೆನಪಿಡಿ.

"ಆನ್‌ಲೈನ್‌ನಲ್ಲಿ ಕಡಿಮೆಗೆ ಕೀ ಸಿಗ್ತದಲ್ಲ?" ಅಂತ ಕೇಳುವವರು ಇದ್ದೇ ಇರ್ತಾರೆ. ನಕಲಿ ಎಂದು ಗೊತ್ತಿದ್ದೂ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ರಫ್ತು ಮಾಡುವವರಿಗೆ ಇನ್ನೊಂದು ಅಪಾಯವೂ ಉಂಟು. 2013ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅಂದಿನ ಅಟಾರ್ನಿ ಜನರಲ್ ಕಮಲಾ ಹ್ಯಾರಿಸ್, ನಕಲಿ ಸಾಫ್ಟ್‌ವೇರ್ ಬಳಸಿ ಅನ್ಯಾಯದ ಲಾಭ ಪಡೆದರೆಂದು ಭಾರತ ಮತ್ತು ಚೀನಾದ ಬಟ್ಟೆ ತಯಾರಕರ ಮೇಲೆ ಅಲ್ಲಿ ಕೇಸು ಹಾಕಿದ್ದರು. ತಿರುಪ್ಪೂರಿನ ಮಾಲು ಹೋಗುವುದೂ ಅದೇ ಮಾರುಕಟ್ಟೆಗೆ.

ಹಾಗಾದರೆ ಉಚಿತ ಲಿನಕ್ಸ್? ಅಲ್ಲೂ ನಿಯಮ ಬದಲಾಗಿದೆ. ರೆಡ್ ಹ್ಯಾಟ್‌ನ ಉಚಿತ ರೂಪವಾಗಿದ್ದ ಸೆಂಟ್‌ಓಎಸ್ 8, 2029ರವರೆಗೆ ಬಾಳಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಕಂಪೆನಿ ಒಮ್ಮೆಲೇ 2021ರ ಕೊನೆಗೇ ನಿಲ್ಲಿಸ್ತೇವೆ ಅಂದಿತು. ಸೆಂಟ್‌ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗಿಯಿತು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಆವೃತ್ತಿಯ ಸೋರ್ಸ್ ಕೋಡನ್ನು ಸಾರ್ವಜನಿಕವಾಗಿ ಹಂಚುವುದನ್ನೂ ನಿಲ್ಲಿಸಿತು. ಸೆಂಟ್‌ಓಎಸ್ ಜಾಗಕ್ಕೆ ಈಗ ರಾಕಿ ಲಿನಕ್ಸ್, ಅಲ್ಮಾಲಿನಕ್ಸ್ ಬಂದಿವೆ, ಎರಡೂ ಉಚಿತ. ಕೋರ್ ಎಣಿಸುವ, ಕ್ಯಾಲ್ ಕೊಳ್ಳುವ ಗೋಜಿಲ್ಲ. ಆದರೆ ಟ್ಯಾಲಿಯಂಥ ವಿಂಡೋಸ್ ಸಾಫ್ಟ್‌ವೇರ್ ಇವುಗಳಲ್ಲಿ ನೇರವಾಗಿ ಓಡುವುದಿಲ್ಲ. ಫೈಲ್ ಸರ್ವರ್, ವೆಬ್‌ಸೈಟ್, ಬ್ಯಾಕಪ್‌ಗೆ ಲಿನಕ್ಸ್, ಅಕೌಂಟ್ಸ್‌ಗೆ ಮಾತ್ರ ವಿಂಡೋಸ್ ಅಂತ ಹಂಚಿದರೆ ಖರ್ಚು ಕಡಿಮೆಯಾಗ್ತದೆ.

ಕಾಸರಗೋಡಿನ ಸರಕಾರಿ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಇಲ್ಲೊಂದು ಅನುಕೂಲ ಉಂಟು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ದಕ್ಷಿಣ ಕನ್ನಡದವರು ಮನೆಯ ಹಳೆ ಪಿಸಿಗೆ ರಾಕಿ ಅಥವಾ ಉಬುಂಟು ಹಾಕಿ ಕಲಿಯಬಹುದು, ಖರ್ಚು ಏನೂ ಇಲ್ಲ.

ಸದ್ಯಕ್ಕೆ ತುರ್ತಿನ ಕೆಲಸ ಯಾವುದೆಂದರೆ, ನೀವು ನೋಡಿಕೊಳ್ಳುವ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆ ಎಂದು ನೋಡುವುದು. ವಿಂಡೋಸ್ ಸರ್ವರ್ 2012ರ ಸಾಮಾನ್ಯ ಭದ್ರತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೇ ನಿಂತಿದೆ. 2016ರ ಆವೃತ್ತಿಗೆ ಮೈಕ್ರೋಸಾಫ್ಟ್ ಕೊಟ್ಟ ಗಡುವು 2027ರ ಜನವರಿ 12.