ತಲೆ ಎತ್ತಿ ನೋಡಬೇಕಾದ ಲೇಪಾಕ್ಷಿ

ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಬರುವವರಲ್ಲಿ ಬಹುಪಾಲು ಜನರ ದೃಷ್ಟಿ ನೆಲದ ಮೇಲಿರುತ್ತದೆ. ಮಂಟಪದ ಒಂದು ಕಂಬ ನೆಲಕ್ಕೆ ಪೂರ್ತಿಯಾಗಿ ತಾಗದೆ ನಿಂತಿರುವುದರಿಂದ, ಅದರ ಅಡಿಯಲ್ಲಿ ಟವೆಲ್ಲನ್ನೋ ಸೆರಗನ್ನೋ ಈ ಕಡೆಯಿಂದ ಆ ಕಡೆಗೆ ಹಾಯಿಸುವುದೇ ಅಲ್ಲಿಯ ಮುಖ್ಯ ವಿನೋದ. ಬಟ್ಟೆ ಹೊರಬಂದೊಡನೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಹಿರಿಯರು ಫೋಟೋ ತೆಗೆಯುತ್ತಾರೆ, ಎಲ್ಲರೂ ನಂದಿಯನ್ನು ನೋಡಲು ಹೊರಡುತ್ತಾರೆ. ತೂಕದ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಸೋಜಿಗವೊಂದು ಸುಮಾರು ಐದು ಶತಮಾನಗಳಿಂದ ಅವರ ತಲೆಯ ಮೇಲೆಯೇ ಇದೆ.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಈ ದೇವಾಲಯ ವಿಜಯನಗರದ ಅಚ್ಯುತದೇವರಾಯನ ಕಾಲದ್ದು. ಅವನ ಆಳ್ವಿಕೆ 1529ರಿಂದ 1542ರವರೆಗೆ. ಕಟ್ಟಿಸಿದವರು ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು. ಆವರಣದಲ್ಲಿ ಕನ್ನಡ ಶಾಸನಗಳಿವೆ. ಮಡಕಶಿರಾ ಸೀಮೆಯ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಪರರ ಊರಿನ ಗುಡಿಯಲ್ಲ ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ.

ಛಾವಣಿಯ ಮೇಲೆ ಗಾರೆ ಬಳಿದು, ಕೆಮ್ಮಣ್ಣು, ಹಳದಿ ಮಣ್ಣು, ಹಸಿರು, ಸುಣ್ಣದ ಬಿಳುಪು, ಕಾಡಿಗೆಯ ಕಪ್ಪುಗಳಲ್ಲಿ ಪುರಾಣ ಕಥೆಗಳನ್ನು ಬರೆಯಲಾಗಿದೆ. ನೀಲಿ ಬಣ್ಣ ಬಹು ವಿರಳ. ಪಾರ್ವತೀ ಕಲ್ಯಾಣ, ದ್ರೌಪದೀ ಸ್ವಯಂವರ, ಕಿರಾತಾರ್ಜುನೀಯ, ಆಲದೆಲೆಯ ಮೇಲೆ ಮಲಗಿದ ಕೃಷ್ಣ ಎಲ್ಲವೂ ಅಲ್ಲಿವೆ. ಬರೆದ ಕಲಾವಿದರ ಹೆಸರನ್ನು ಯಾತ್ರಿಕರು ಕೇಳುವುದೂ ಇಲ್ಲ.

ಚಿತ್ರದ ಸಮತೋಲವೆಂದರೆ ಎಡಕ್ಕೂ ಬಲಕ್ಕೂ ಒಂದೇ ರೂಪವಿರಬೇಕೆಂಬುದು ಸಾಮಾನ್ಯ ಗ್ರಹಿಕೆ. ಮನೆಯ ಮುಂದಿನ ಚುಕ್ಕಿ ರಂಗೋಲಿ ಹಾಗಿರುತ್ತದೆ. ನಡುವೆ ಮಡಿಚಿದರೆ ಎರಡು ಭಾಗಗಳೂ ಒಂದರ ಮೇಲೊಂದು ಕೂರುತ್ತವೆ. ಅದು ಸುಂದರವಾದರೂ ಸುಲಭವಾದ ಸಮತೋಲ. ಇನ್ನೊಂದು ಬಗೆಯುಂಟು. ಉದ್ಯಾನದ ಸೀಸಾ ಹಲಗೆಯ ಮೇಲೆ ತಂದೆ ನಡುವಿನ ಸಮೀಪಕ್ಕೆ ಸರಿದು ಕುಳಿತರೆ, ತುದಿಯಲ್ಲಿ ಕುಳಿತ ಮಗು ಆತನನ್ನು ತೂಗಬಲ್ಲದು. ಲೇಪಾಕ್ಷಿಯ ಚಿತ್ರಕಾರರಿಗೆ ಪ್ರಿಯವಾದುದು ಈ ಎರಡನೆಯ ಬಗೆ.

ಚಿತ್ರದಲ್ಲಿ ತೂಕವನ್ನು ಅಳೆಯುವುದು ಕಣ್ಣು. ದೊಡ್ಡ ಆಕೃತಿ ಭಾರ. ಗಾಢ ಬಣ್ಣ ಭಾರ. ಒಂದು ಮುಖ ಅಷ್ಟೇ ಅಳತೆಯ ಬಟ್ಟೆಯ ತುಂಡಿಗಿಂತ ಭಾರ. ಚಿತ್ರದೊಳಗಿನವರೆಲ್ಲ ಒಂದು ಕಡೆ ನೋಡುತ್ತಿದ್ದರೆ, ಆ ಕಡೆ ಏನೂ ಇಲ್ಲದಿದ್ದರೂ ಭಾರ. ಈ ಕೊನೆಯ ಸೂತ್ರವನ್ನು ಅರಿತವನೇ ಚಿತ್ರಕಾರ. ಸುಮಾರು 24 ಅಡಿ ಉದ್ದ, 14 ಅಡಿ ಅಗಲದ ಮಹಾ ವೀರಭದ್ರನ ಚಿತ್ರದಲ್ಲಿ ದೇವರ ಆಕೃತಿ ಛಾವಣಿಯನ್ನೇ ತುಂಬಿದೆ. ಕಟ್ಟಿಸಿದ ಸಹೋದರರು ಅವನ ಮುಂದೆ ತೀರ ಚಿಕ್ಕವರು. ಆದರೂ ಅವರು ಕಳೆದುಹೋಗುವುದಿಲ್ಲ. ಆ ಚಿಕ್ಕ ಮುಖಗಳು ದೇವರತ್ತ ನೆಟ್ಟ ನೋಟವನ್ನು ಹಿಡಿದು ನೋಡುಗನ ಕಣ್ಣೂ ಅಲ್ಲಿಗೇ ಏರುತ್ತದೆ.

ಕಿರಾತಾರ್ಜುನೀಯದ ಬೇಟೆಯಲ್ಲಿ ಇದೇ ತತ್ತ್ವ ಬೇರೊಂದು ರೀತಿಯಲ್ಲಿ ಕೆಲಸ ಮಾಡುತ್ತದೆ. ಹಂದಿಯ ದಪ್ಪ ಮೈ ಒಂದೇ ಗುಡ್ಡೆ. ಅದಕ್ಕೆ ಎದುರಾಗಿ ಇನ್ನೊಂದು ಗುಡ್ಡೆಯನ್ನು ಬರೆದಿದ್ದರೆ ಬೇಟೆ ನಿಂತುಹೋಗುತ್ತಿತ್ತು. ಅದನ್ನು ಎದುರಿಸಿ ನಿಂತಿರುವುದು ತೆಳ್ಳನೆಯ ಮನುಷ್ಯರು, ಚಾಚಿದ ಕೈಗಳು, ಆಯುಧಗಳ ಗೆರೆಗಳು. ಹಲವು ತೆಳು ಗೆರೆಗಳು ಸೇರಿ ಒಂದು ಭಾರವನ್ನು ತೂಗುತ್ತವೆ.

ಮನುನೀತಿ ಚೋಳನ ಕಥೆಯೂ ಇಲ್ಲಿದೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ, ತಾಯಿ ಹಸು ಅರಮನೆಯ ನ್ಯಾಯದ ಗಂಟೆಯನ್ನು ಬಾರಿಸುತ್ತದೆ. ರಾಜ ತನ್ನ ಮಗನಿಗೂ ಅದೇ ಶಿಕ್ಷೆಯನ್ನು ವಿಧಿಸುತ್ತಾನೆ. ಕರುವಿಗೆ ಪ್ರತಿಯಾಗಿ ಕುಮಾರ: ಇದು ರಂಗೋಲಿಯಂಥ ನ್ಯಾಯ, ಎರಡೂ ಕಡೆ ಸಮ. ಇಂದಿನ ಯಾವ ನ್ಯಾಯಾಲಯವೂ ಒಪ್ಪದ ತೀರ್ಪಾದರೂ, ವಾದಿಯ ಅರ್ಜಿ ಇಷ್ಟು ಬೇಗ ವಿಚಾರಣೆಗೆ ಬಂದ ಉದಾಹರಣೆ ಅಪರೂಪ.

ಇನ್ನು ಲಯ. ತಾಳ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ಟು, ಬಿಡುವು, ಮತ್ತೆ ಪೆಟ್ಟು; ಬಿಡುವೇ ಇಲ್ಲದಿದ್ದರೆ ಅದು ಬರಿಯ ಸದ್ದು. ಲೇಪಾಕ್ಷಿಯ ಚಿತ್ರಗಳು ಕಂಬದ ಸಾಲುಗಳ ನಡುವೆ ಉದ್ದುದ್ದ ಪಟ್ಟಿಗಳಾಗಿ ಹರಿದಿವೆ. ಅವುಗಳನ್ನು ನಡೆಯುತ್ತಾ ನೋಡಬೇಕು. ಸಾಲಾಗಿ ನಿಂತ ಪುರುಷರ ಎತ್ತರದ ಕುಲಾವಿಗಳು ಒಂದೇ ಕಾಲದ ಪೆಟ್ಟುಗಳಂತೆ ಬರುತ್ತವೆ. ಸ್ತ್ರೀಯರ ಸಾಲಿನಲ್ಲಿ ದೊಡ್ಡ ತುರುಬು, ಪಕ್ಕಕ್ಕೆ ತಿರುಗಿದ ಮುಖ, ಉದ್ದ ಕಣ್ಣು ಇವು ಮರಳಿ ಮರಳಿ ಬಂದರೂ ಉಡುಗೆ ಬದಲಾಗುತ್ತದೆ. ಒಂದು ಸೀರೆ ಪಟ್ಟೆಯದಾದರೆ ಇನ್ನೊಂದು ಹೂವಿನದು. ಒಂದೇ ಸೀರೆಯನ್ನು ಎಲ್ಲರಿಗೂ ಉಡಿಸಿದ್ದರೆ ಕಣ್ಣು ಮೂರನೆಯ ಹೆಂಗಸಿನ ಹೊತ್ತಿಗೆ ದಣಿಯುತ್ತಿತ್ತು. ಮರಳುವಿಕೆ ಮತ್ತು ಬದಲಾವಣೆ, ಎರಡರ ಜಗ್ಗಾಟದಲ್ಲಿ ಲಯ ಹುಟ್ಟುತ್ತದೆ. ಇಲ್ಲಿಯ ವಿನ್ಯಾಸಗಳನ್ನು ನೇಕಾರರು ಸೀರೆಗಳಿಗೆ ಎತ್ತಿಕೊಂಡದ್ದು ಸಹಜವೇ.

ಈ ಲೆಕ್ಕಾಚಾರವನ್ನು ತಿಳಿದವರಿಗೆ ಅಲ್ಲಿಯ ಹಾನಿಯೂ ಬೇರೆ ರೀತಿ ಕಾಣುತ್ತದೆ. ಹಲವೆಡೆ ಗಾರೆ ಉದುರಿದೆ, ಬಣ್ಣ ಮಾಸಿದೆ. ಹತ್ತು ಆಕೃತಿಗಳಲ್ಲಿ ಒಂದು ಅಳಿದರೆ ಹೋದದ್ದು ಹತ್ತರಲ್ಲೊಂದು ಭಾಗ ಮಾತ್ರವಲ್ಲ. ಉಳಿದ ಒಂಬತ್ತೂ ಅದನ್ನು ನೋಡುತ್ತಿದ್ದರೆ, ಆ ಒಂಬತ್ತು ನೋಟಗಳೂ ಬರಿಯ ಕಲೆಯ ಮೇಲೆ ಬಿದ್ದು ನಿಲ್ಲುತ್ತವೆ. ದೇವಾಲಯ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಇಂಥ ಸ್ಮಾರಕವನ್ನು ಕೆಡಿಸಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ 30ನೆಯ ಕಲಮಿನ ಪ್ರಕಾರ, 2010ರ ತಿದ್ದುಪಡಿಯ ನಂತರ, ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಂಬದ ಮೇಲೆ ತನ್ನ ಹೆಸರನ್ನು ಗೀಚುವ ತರುಣನಿಗೆ ಇದು ತಿಳಿದಿರುವುದಿಲ್ಲ. ಚಿತ್ರಕಲೆಯ ಅವಧಿಯನ್ನು ಪ್ರತಿ ವಾರ ಗಣಿತಕ್ಕೆ ಬಿಟ್ಟುಕೊಡುವ ಶಾಲೆಯಲ್ಲಿ ಓದಿದ್ದರೆ, ತಲೆಯ ಮೇಲೆ ಏನಿದೆ ಎಂಬುದೂ ತಿಳಿದಿರುವುದಿಲ್ಲ.

ಮಕ್ಕಳನ್ನು ಕರೆದೊಯ್ಯುವ ಪೋಷಕರು ಒಂದು ಚಿಕ್ಕ ಕೈಗನ್ನಡಿಯನ್ನು ಜೊತೆಗೆ ಇಟ್ಟುಕೊಳ್ಳುವುದು ಲೇಸು. ಅದನ್ನು ಎದೆಯ ಮಟ್ಟದಲ್ಲಿ ಮೇಲ್ಮುಖವಾಗಿ ಹಿಡಿದರೆ ಕತ್ತು ನೋಯದೆ ಛಾವಣಿಯನ್ನು ನೋಡಬಹುದು. ಮತ್ತೊಂದು ಲಾಭವೂ ಇದೆ: ಚಿತ್ರದ ತೂಕ ಸರಿಯಿದೆಯೇ ಎಂದು ಪರೀಕ್ಷಿಸಲು ಅದನ್ನು ಕನ್ನಡಿಯಲ್ಲಿ ತಿರುಗಿಸಿ ನೋಡುವುದು ಚಿತ್ರಕಾರರ ಹಳೆಯ ಉಪಾಯ. ಎಡ ಬಲವಾದಾಗ ಪರಿಚಿತ ಚಿತ್ರವೂ ಹೊಸದಾಗಿ, ಅಡಗಿದ್ದ ಓರೆ ಎದ್ದು ಕಾಣುತ್ತದೆ. ಹಂದಿ ಬೇಟೆಯ ಪಟ್ಟಿಯ ಕೆಳಗೆ ನಿಂತು ಮೊದಲು ನೇರವಾಗಿ ನೋಡಿ, ಆಮೇಲೆ ಕನ್ನಡಿಯಲ್ಲಿ ನೋಡಬೇಕು. ಹಂದಿ ಆಗ ಎದುರು ದಿಕ್ಕಿಗೆ ನುಗ್ಗುತ್ತಿರುತ್ತದೆ, ಬೇಟೆಗಾರರು ಆ ಬದಿಯಿಂದ ಈ ಬದಿಗೆ ಬಂದಿರುತ್ತಾರೆ. ಪಟ್ಟಿ ಒಂದು ಕಡೆಗೆ ಜಗ್ಗಿದಂತೆ ತೋರುತ್ತದೆಯೇ ಇಲ್ಲವೇ ಎಂಬುದನ್ನು ಮಕ್ಕಳೇ ಹೇಳಲಿ.