ನೇರಳೆ ಮತ್ತು ದ್ರಾಕ್ಷಿ ಹಣ್ಣುಗಳನ್ನು ತೊಳೆದು ತಿನ್ನತಕ್ಕ ಕ್ರಮ

ಮುಂಗಾರು ಮಳೆಯು ಹಿಡಿಯುವ ದಿನಗಳಲ್ಲಿಯೇ ನೇರಳೆ ಹಣ್ಣು ಮಾಗಿ ಉದುರುವುದು. ಗ್ರಾಮಗಳಲ್ಲಿ ವಾಂತಿಭೇದಿ, ಆಮಶಂಕೆ ಮೊದಲಾದ ರೋಗಗಳು ಹೆಚ್ಚುವುದೂ ಇದೇ ದಿನಗಳಲ್ಲಿ. ಇದಕ್ಕೆ ಹಣ್ಣಿನ ಗುಣವೇ ಕಾರಣವೆಂದು ಭಾವಿಸಿ ಕೆಲವರು ಮಕ್ಕಳಿಗೆ ನೇರಳೆಯನ್ನು ಕೊಡದಿರುವುದುಂಟು. ಇದು ಸರಿಯಲ್ಲ. ದೋಷವಿರುವುದು ಹಣ್ಣಿನ ಮೈಗೆ ಅಂಟಿದ ಹೊಲಸಿನಲ್ಲಿ. ಅನೇಕ ವೇಳೆ ಅದನ್ನು ತೊಳೆದ ನೀರಿನಲ್ಲಿ.

ಬಾಳೆ, ಕಿತ್ತಲೆಗಳ ಸಿಪ್ಪೆಯನ್ನು ಸುಲಿದು ಬಿಸಾಡುವರು. ನೇರಳೆ, ದ್ರಾಕ್ಷಿಗಳನ್ನಾದರೋ ಸಿಪ್ಪೆಯೊಡನೆಯೇ ತಿನ್ನುವರು. ಅದರಲ್ಲಿಯೂ ನೇರಳೆಯ ಸಿಪ್ಪೆಯು ಬಹು ತೆಳುವಾದುದರಿಂದ ಮಾಗಿದ ಹಣ್ಣು ನೆಲಕ್ಕೆ ಬಿದ್ದೊಡನೆ ಬಿರಿಯುವುದು. ಮರದ ಅಡಿಯಲ್ಲಿ ದನಗಳನ್ನು ಕಟ್ಟುತ್ತಿದ್ದರೆ, ಅಥವಾ ಅದು ಬಹಿರ್ದೆಸೆಯ ಸ್ಥಳವಾಗಿದ್ದರೆ, ಅಲ್ಲಿನ ಮಣ್ಣಿನ ರೋಗಾಣುಗಳು ಬಿರುಕಿನೊಳಕ್ಕೆ ಸೇರುವುವು. ಹಾಗೆ ಸೇರಿದುದು ಎಷ್ಟು ತೊಳೆದರೂ ಹೋಗದು. ಆದುದರಿಂದ ಶುಚಿತ್ವವು ಮರದ ಬುಡದಿಂದಲೇ ಆರಂಭವಾಗಬೇಕು. ಒಗೆದ ಬಟ್ಟೆಯನ್ನು ನಾಲ್ವರು ಹಿಡಿದು, ಕೊಂಬೆಯನ್ನು ಅಲುಗಿಸಿ, ಹಣ್ಣುಗಳನ್ನು ಅದರ ಮೇಲೆ ಬೀಳಿಸಿಕೊಳ್ಳುವುದು ಉತ್ತಮ.

ಬಾವಲಿ ಕಚ್ಚಿದ ಗುರುತುಳ್ಳ ಹಣ್ಣನ್ನು ತೊಳೆದೂ ತಿನ್ನಕೂಡದು. 2018ರಲ್ಲಿ ಕೇರಳದ ಕೋಳಿಕ್ಕೋಡು ಪ್ರಾಂತದಲ್ಲಿ ಅನೇಕರ ಪ್ರಾಣ ತೆಗೆದ ನಿಪಾ ರೋಗದ ವಿಷಾಣುವು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಇರುತ್ತದೆ.

ತೊಳೆಯತಕ್ಕ ಕ್ರಮವು ಹೀಗೆ:

1. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಒಡೆದ, ಕೊಳೆತ, ಬೂಸು ಹಿಡಿದ ಹಣ್ಣುಗಳನ್ನು ಆರಿಸಿ ಬಿಸಾಡಬೇಕು.

2. ಉಳಿದುವನ್ನು ತೂತುಗಳುಳ್ಳ ಪಾತ್ರೆಯಲ್ಲಿ ಹಾಕಿ, ಮೇಲಿನಿಂದ ನೀರನ್ನು ಸುರಿಯುತ್ತಾ ಮೃದುವಾಗಿ ಕೈಯಾಡಿಸಬೇಕು. ಒಂದೇ ಪಾತ್ರೆಯ ನೀರಿನಲ್ಲಿ ಎಲ್ಲವನ್ನೂ ನೆನೆಹಾಕಿದರೆ ಒಂದು ಹಣ್ಣಿನ ಹೊಲಸು ಮಿಕ್ಕವಕ್ಕೂ ಹರಡುವುದು.

3. ಕೆರೆ, ಕಾಲುವೆಗಳ ನೀರು ಕೂಡದು. ಕುಡಿಯಲು ಯೋಗ್ಯವಾದ ನೀರೇ ಆಗಬೇಕು. ಸಂದೇಹವಿದ್ದರೆ ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಉಪಯೋಗಿಸಬೇಕು.

4. ಹಣ್ಣಿಗೆ ಸಾಬೂನು ಹಾಕಬಾರದು. ಅದು ಸಿಪ್ಪೆಯೊಳಕ್ಕೆ ಇಳಿಯುವುದು. ಉಪ್ಪುನೀರು ಸಣ್ಣ ಹುಳುಗಳನ್ನು ಹೊರಡಿಸೀತು. ರೋಗಾಣುಗಳನ್ನು ಕೊಲ್ಲುವುದೆಂದು ನಂಬಬಾರದು.

5. ತಿನ್ನುವ ವೇಳೆಯಲ್ಲಿ ಮಾತ್ರ ತೊಳೆಯಬೇಕು. ತೊಳೆದು ಒದ್ದೆಯಾಗಿಯೇ ಇಟ್ಟ ಹಣ್ಣಿಗೆ ಬೇಗನೆ ಬೂಸು ಹಿಡಿಯುವುದು.

ದ್ರಾಕ್ಷಿಯ ವಿಷಯದಲ್ಲಿ ಇನ್ನೊಂದು ಮಾತುಂಟು. ಅದರ ಮೇಲಿನ ನವಿರಾದ ಬಿಳಿಯ ಪುಡಿಯು ವಿಷವೆಂದು ಹಲವರು ಹೆದರುವರು. ಅದು ಹಣ್ಣು ತಾನೇ ಬೆಳೆಸಿಕೊಂಡ ಮೇಣ, ನಿರಪಾಯಕರವಾದುದು. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ತೋಟಗಳಿಂದ ಬರುವ ಕಪ್ಪು ದ್ರಾಕ್ಷಿಯಲ್ಲಿ ಇದು ಚೆನ್ನಾಗಿ ಕಾಣುವುದು. ನೀಲಿ ಛಾಯೆಯ ಒರಟು ಕಲೆಗಳಾದರೋ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದವು. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವುದೂ ಇದನ್ನೇ. ಈ ಕಲೆಗಳನ್ನು ಉಜ್ಜಿ ತೊಳೆಯಬೇಕು. ಗಿಡದ ರಸದಲ್ಲಿ ಸೇರಿ ಹರಡುವ ಔಷಧಿಗಳೂ ಈಗ ಬಳಕೆಯಲ್ಲಿವೆ. ಅವು ಹಣ್ಣಿನೊಳಕ್ಕೆ ಸೇರಿದ ಮೇಲೆ ತೊಳೆಯುವುದರಿಂದ ಹೋಗವು. ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನಗಳು ಕಳೆಯುವ ಮುನ್ನ ಹಣ್ಣು ಕೊಯ್ಯದಿರುವುದು ಬೆಳೆಗಾರನ ಕರ್ತವ್ಯ. ಕೊಂಡು ತಿನ್ನುವವರು ಆತನನ್ನೇ ನಂಬಿರುವರು.

ಊರ ಮುಖಂಡರು ನೇರಳೆಯ ಕಾಲಕ್ಕೆ ಮುಂಚೆ ಮರಗಳ ಅಡಿಯನ್ನು ಗುಡಿಸಿಸಿ, ಅಲ್ಲಿ ಬಹಿರ್ದೆಸೆಗೆ ಹೋಗದಂತೆ ಕಟ್ಟುಮಾಡಿ, ಕುಡಿಯುವ ನೀರಿನ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸತಕ್ಕದ್ದು. ಇದಕ್ಕೆ ತಗಲುವ ಖರ್ಚು ಅಲ್ಪ. ಇದರಿಂದ ಮಕ್ಕಳಿಗೆ ಹಣ್ಣಿನ ಸವಿಯೂ ದೊರೆಯುವುದು, ಆರೋಗ್ಯವೂ ಉಳಿಯುವುದು.