ತೂಕ ಕಂಪ್ಯೂಟರಿಗೆ ಬರುತ್ತಿಲ್ಲವೇ? 'ಕಾಮ್' ನಂಬರು ನೋಡಿ



ಬೆಳಿಗ್ಗೆ ಡೇರಿಗೆ ಹಾಲು ತಂದಿದ್ದೀರಿ. ತೂಕದ ಯಂತ್ರದ ಮೇಲೆ 5.0 ಎಂದು ಕಾಣುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. "ಕನೆಕ್ಷನ್ ಹೋಗಿದೆ" ಎಂದು ಕಾರ್ಯದರ್ಶಿಯವರು ತೂಕವನ್ನು ಕೈಯಿಂದಲೇ ಟೈಪ್ ಮಾಡುತ್ತಾರೆ. ಹೊಸಪೇಟೆ, ಹಂಪಿ ಸುತ್ತಲಿನ ಊರಾಗಲಿ, ಸಂಡೂರು, ಕಂಪ್ಲಿ ಕಡೆಯ ಹಳ್ಳಿಯಾಗಲಿ, ಕಂಪ್ಯೂಟರ್ ಇರುವ ಯಾವ ಸಂಘದಲ್ಲೂ ಇದು ಆಗಬಹುದು.

ಅವಸರದಲ್ಲಿ 5.0 ಇದ್ದದ್ದು 4.5 ಆದರೆ? ಅರ್ಧ ಲೀಟರ್ ಏನು ಮಹಾ ಎನ್ನಬೇಡಿ. ಎರಡು ಹೊತ್ತೂ ಹೀಗಾದರೆ ತಿಂಗಳಿಗೆ 30 ಲೀಟರ್. ಹಾಲಿನ ಹಣ ಹೋಗುವುದಲ್ಲದೆ, ಅಷ್ಟು ಲೀಟರಿನ ಸರ್ಕಾರದ ಪ್ರೋತ್ಸಾಹಧನವೂ ಖೋತಾ.

ಹೀಗೇಕೆ ಆಗುತ್ತದೆ?

ತೂಕದ ಯಂತ್ರ, ಫ್ಯಾಟ್ ಯಂತ್ರ ಎರಡೂ 'ಸೀರಿಯಲ್' ವೈರಿನ ಮೂಲಕ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತವೆ. ಈಗಿನ ಕಂಪ್ಯೂಟರುಗಳಲ್ಲಿ ಆ ಕಿಂಡಿ ಇರುವುದು ಕಡಿಮೆ. ಅದಕ್ಕೇ ನಡುವೆ ಯುಎಸ್‌ಬಿ ಕನ್ವರ್ಟರ್ ಹಾಕಿರುತ್ತಾರೆ. ವಿಂಡೋಸ್ ಪ್ರತಿ ಕನ್ವರ್ಟರಿಗೂ ಕಾಮ್ 3, ಕಾಮ್ 4 ಎಂದು ಒಂದು ನಂಬರು ಕೊಡುತ್ತದೆ.

ಹೊಸಪೇಟೆ ಬಸ್ ನಿಲ್ದಾಣವನ್ನು ನೆನೆಸಿಕೊಳ್ಳಿ. ಕಂಪ್ಲಿ ಬಸ್ಸು ದಿನಾ ನಿಲ್ಲುವ ಅಂಕಣ ಬಿಟ್ಟು ಬೇರೆ ಕಡೆ ನಿಂತರೆ, ಹಳೆಯ ಜಾಗದಲ್ಲಿ ಕಾಯುವವರಿಗೆ ಬಸ್ಸು ಸಿಗುವುದಿಲ್ಲ. ಇಲ್ಲಿಯೂ ಅಷ್ಟೇ. ಕಸ ಗುಡಿಸುವಾಗ ವೈರು ಕಿತ್ತು ಬೇರೆ ಕಿಂಡಿಗೆ ಹಾಕಿದರೆ, ಅಥವಾ ಹೊಸ ಕನ್ವರ್ಟರ್ ತಂದರೆ, ನಂಬರು ಬದಲಾಗಬಹುದು. ಹಾಲಿನ ಸಾಫ್ಟ್‌ವೇರ್ ಮಾತ್ರ ಹಳೆಯ ನಂಬರಿನಲ್ಲೇ ಕಾಯುತ್ತಿರುತ್ತದೆ.

ಕಾರ್ಯದರ್ಶಿಯವರು ಮಾಡಬೇಕಾದ್ದು

1. ಮೊದಲು ವೈರನ್ನು ಹಳೆಯ ಕಿಂಡಿಗೇ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

2. ಆಗದಿದ್ದರೆ, ಹಾಲಿನ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ತೂಕಕ್ಕೆ ಯಾವ ಕಾಮ್ ನಂಬರು ಇದೆ ಎಂದು ಬರೆದುಕೊಂಡು, ಸಾಫ್ಟ್‌ವೇರ್ ಮುಚ್ಚಿ.

3. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿಯ ಜೊತೆ ಎಕ್ಸ್ ಒತ್ತಿ, 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ 'ಪೋರ್ಟ್ಸ್' ಸಾಲನ್ನು ಬಿಡಿಸಿ. ತೂಕದ ವೈರು ಕಿತ್ತಾಗ ಯಾವ ಹೆಸರು ಮಾಯವಾಗುತ್ತದೋ ಅದೇ ನಿಮ್ಮದು. ವೈರು ಮತ್ತೆ ಹಾಕಿ.

4. ಆ ಹೆಸರಿನ ಮೇಲೆ ಎರಡು ಸಲ ಒತ್ತಿ. 'ಪೋರ್ಟ್ ಸೆಟ್ಟಿಂಗ್ಸ್', ನಂತರ 'ಅಡ್ವಾನ್ಸ್ಡ್' ಒಳಗೆ ಬರೆದುಕೊಂಡ ನಂಬರನ್ನೇ ಆರಿಸಿ ಓಕೆ ಕೊಡಿ. ವೈರು ತೆಗೆದು ಹಾಕಿ, ಸಾಫ್ಟ್‌ವೇರ್ ತೆರೆಯಿರಿ.

5. ಆ ನಂಬರಿನ ಮುಂದೆ 'ಇನ್ ಯೂಸ್' ಎಂದಿದ್ದರೆ ಅದು ಹಳೆಯ ಕನ್ವರ್ಟರಿನ ಹೆಸರಿನಲ್ಲಿ ಉಳಿದಿರಬಹುದು. 'ವ್ಯೂ' ಪಟ್ಟಿಯ 'ಶೋ ಹಿಡನ್ ಡಿವೈಸಸ್' ಒತ್ತಿದರೆ ಅದು ಮಸುಕಾಗಿ ಕಾಣುತ್ತದೆ. ಫ್ಯಾಟ್ ಯಂತ್ರದ್ದಲ್ಲ ಎಂದು ಖಾತ್ರಿ ಮಾಡಿಕೊಂಡೇ ತೆಗೆದುಹಾಕಿ.

'ಪೋರ್ಟ್ಸ್' ಸಾಲೇ ಕಾಣದಿದ್ದರೆ ವೈರು, ಕನ್ವರ್ಟರ್ ಇಲ್ಲವೇ ಡ್ರೈವರ್ ಕೆಟ್ಟಿರಬಹುದು. ನಂಬರು ಸರಿಯಿದ್ದೂ ತೂಕ ಬಾರದಿದ್ದರೆ 9600ರಂತಹ 'ಬಾಡ್ ರೇಟ್' ಎರಡೂ ಕಡೆ ಒಂದೇ ಇದೆಯೇ ನೋಡಬೇಕು. ಇವೆರಡಕ್ಕೂ ತಂತ್ರಜ್ಞರನ್ನು ಕರೆಸಿ.

ಮತ್ತೆ ಹೀಗಾಗದಿರಲು ತೂಕದ ವೈರಿಗೂ ಅದರ ಕಿಂಡಿಗೂ ಕೆಂಪು ಟೇಪು, ಫ್ಯಾಟ್ ಯಂತ್ರದ್ದಕ್ಕೆ ಹಸಿರು ಟೇಪು ಅಂಟಿಸಿ. ಎರಡರ ಕಾಮ್ ನಂಬರನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚಿ.

ನೀವು ಮಾಡಬೇಕಾದ್ದು

ಕೈಯಿಂದ ಟೈಪ್ ಮಾಡುವ ದಿನ ಯಂತ್ರದ ಮೇಲಿನ ತೂಕವನ್ನು ನೀವೇ ಓದಿ, ಗಟ್ಟಿಯಾಗಿ ಹೇಳಿ. ಚೀಟಿಯಲ್ಲಿ ಅದೇ ಇದೆಯೇ ನೋಡಿ. ಬಟವಾಡೆ ಆಗುವವರೆಗೆ ಚೀಟಿಗಳನ್ನು ಎತ್ತಿಡಿ. ಓದಲು ಬಾರದಿದ್ದರೆ ಪಕ್ಕದಲ್ಲಿ ನಿಂತವರಿಂದ ಓದಿಸಿಕೊಳ್ಳಿ. ಎರಡು ದಿನವಾದರೂ ಕೈಬರಹವೇ ನಡೆದಿದ್ದರೆ, "ಕಾಮ್ ನಂಬರು ನೋಡಿದಿರಾ?" ಎಂದು ಕೇಳಿ. ಸಂಘದ ಸದಸ್ಯೆಯಾಗಿ ಕೇಳುವ ಹಕ್ಕು ನಿಮಗಿದೆ.